ವಿಮಾನ ಪ್ರಯಾಣದಲ್ಲಿ ಸೌಜನ್ಯ: ವರ್ತಕರಿಗೊಂದು ಪಾಠ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಬಹುಕಾಲ ವಿಮಾನವೆಂಬುದು ತಲೆಯೆತ್ತಿ ನೋಡುವ ವಸ್ತುವಾಗಿತ್ತೇ ಹೊರತು ಏರಿ ಕೂರುವ ವಾಹನವಾಗಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸವಿದ್ದವರು ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿ, ಸಿರುಗುಪ್ಪ, ಬಳ್ಳಾರಿ ಮಾರ್ಗವಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಸಾಗುತ್ತಿದ್ದರು. ಹೈದರಾಬಾದಿಗೆ ಹೋಗುವವರು ರಾಯಚೂರಿನಲ್ಲಿ ರೈಲು ಹಿಡಿಯುತ್ತಿದ್ದರು.

ಈ ಸ್ಥಿತಿ ಎರಡು ದಶಕಗಳಲ್ಲಿ ಬದಲಾಯಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಏರ್ ಡೆಕ್ಕನ್ ಸಂಸ್ಥೆಯ ಹಾರಾಟವನ್ನು ಆರಂಭಿಸಿದಾಗ ದೇಶದಲ್ಲಿ ಅಗ್ಗದ ವಿಮಾನ ಪ್ರಯಾಣದ ಯುಗ ತೆರೆಯಿತು. 2008ರ ಮಾರ್ಚ್‌ನಲ್ಲಿ ಹೈದರಾಬಾದಿನ ಶಂಷಾಬಾದ್, ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಗಳು ಕಾರ್ಯಾರಂಭ ಮಾಡಿದವು. 2017ರಲ್ಲಿ ಉಡಾನ್ ಯೋಜನೆ ಜಾರಿಗೆ ಬಂದು, ಆ ವರ್ಷ ಸೆಪ್ಟೆಂಬರ್‌ನಲ್ಲಿ ತೋರಣಗಲ್ಲಿನ ಜಿಂದಾಲ್ ವಿಜಯನಗರ ನಿಲ್ದಾಣವು ಅದರಡಿ ವಿಮಾನ ಸಂಪರ್ಕ ಪಡೆಯಿತು. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಉದ್ಘಾಟನೆಗೊಂಡಿತು. ಚಿಕ್ಕ ನಿಲ್ದಾಣಗಳ ಹಾರಾಟಗಳು ಆಗಾಗ್ಗೆ ನಿಂತು ಮತ್ತೆ ಆರಂಭವಾಗಿರುವುದು ನಿಜವಾದರೂ, ಅಕ್ಕಿ ಗಿರಣಿಯ ಮಾಲೀಕರು ಯಂತ್ರೋಪಕರಣಗಳ ಪ್ರದರ್ಶನಕ್ಕೆಂದೋ, ಹತ್ತಿ ವರ್ತಕರು ಮುಂಬಯಿಯ ಖರೀದಿದಾರರನ್ನು ಕಾಣಲೆಂದೋ ವಿಮಾನ ಏರುವುದು ಈಗ ವಿಶೇಷ ಸಂಗತಿಯಲ್ಲ.

ಹೀಗೆ ಪ್ರಯಾಣ ಸುಲಭವಾಯಿತು. ಆದರೆ ಪ್ರಯಾಣದ ನಡವಳಿಕೆಯನ್ನು ಯಾರೂ ಯಾರಿಗೂ ಕಲಿಸಿಕೊಡಲಿಲ್ಲ. ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘವು ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ, 2021ರಲ್ಲಿ ಪ್ರತಿ 835 ಹಾರಾಟಗಳಿಗೆ ಒಂದರಂತೆ ಪ್ರಯಾಣಿಕರ ದುರ್ವರ್ತನೆಯ ಪ್ರಕರಣ ವರದಿಯಾಗಿತ್ತು. 2022ರಲ್ಲಿ ಅದು 568ಕ್ಕೆ ಒಂದು, 2023ರಲ್ಲಿ 480ಕ್ಕೆ ಒಂದು ಎಂಬ ಮಟ್ಟಕ್ಕೆ ಬಂದಿತು. ಇವು ವರದಿಯಾದ, ಅಂದರೆ ಗಂಭೀರವಾದ ಪ್ರಕರಣಗಳು ಮಾತ್ರ. ವರದಿಯಾಗದ ಸಣ್ಣಪುಟ್ಟ ಅನಾದರಗಳಿಗೆ ಲೆಕ್ಕವೇ ಇಲ್ಲ. ಈ ವಿಷಯವನ್ನು ಕೇವಲ ಶಿಷ್ಟಾಚಾರದ ಮಾತೆಂದು ಬದಿಗೆ ಸರಿಸದೆ, ಸುರಕ್ಷತೆ, ಕಾನೂನು ಹಾಗೂ ವ್ಯಾಪಾರದ ಪತ್ತು ಎಂಬ ಮೂರು ದೃಷ್ಟಿಗಳಿಂದ ಪರಿಶೀಲಿಸುವುದು ವರ್ತಕ ಸಮುದಾಯಕ್ಕೆ ಅಗತ್ಯವಾಗಿದೆ.

ಕಾಲುವೆಯ ನ್ಯಾಯ

ಟಿಕೆಟ್ ಕೊಂಡ ಪ್ರಯಾಣಿಕನು ನಿಜವಾಗಿ ಕೊಂಡದ್ದೇನು? ಒಂದು ಆಸನದ ತಾತ್ಕಾಲಿಕ ಬಳಕೆಯನ್ನು ಮಾತ್ರ. ಉಳಿದುದೆಲ್ಲವೂ, ಅಂದರೆ ತಲೆಯ ಮೇಲಿನ ಸಾಮಾನು ಪೆಟ್ಟಿಗೆ, ನಡುವಿನ ಓಣಿ, ಶೌಚಾಲಯ, ಸಿಬ್ಬಂದಿಯ ಸಮಯ, ಒಳಗಿನ ಗಾಳಿ, ಒಳಗಿನ ಮೌನ, ಹೊರಡುವ ಗಳಿಗೆ, ಇವೆಲ್ಲವೂ ಎಲ್ಲರಿಗೂ ಸೇರಿದ ಸಾಮೂಹಿಕ ಸ್ವತ್ತು.

ಸಾಮೂಹಿಕ ಸ್ವತ್ತೆಂದರೇನೆಂಬುದನ್ನು ಈ ಭಾಗದವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಂಬಿ ಬೆಳೆದ ಪೇಟೆ ಸಿಂಧನೂರು. ಮೇಲ್ಭಾಗದವರು ತಮ್ಮ ಪಾಲಿಗಿಂತ ಹೆಚ್ಚು ನೀರೆಳೆದುಕೊಂಡಾಗ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳು ಒಣಗುವುದನ್ನು ಈ ಸೀಮೆಯ ಪ್ರತಿಯೊಬ್ಬರೂ ಬಲ್ಲರು. ಮೇಲ್ಭಾಗದಲ್ಲಿ ಪಂಪು ಹಚ್ಚಿದವನಿಗೆ ಕೊನೆಭಾಗದ ರೈತ ಕಣ್ಣಿಗೆ ಬೀಳುವುದಿಲ್ಲ; ಒಬ್ಬನು ಸ್ವಲ್ಪ ಹೆಚ್ಚಿಗೆ ಎತ್ತಿದರೆ ಏನಾದೀತೆಂಬ ಭಾವನೆ ಅವನದು. ಆದರೆ ಅಂತಹ ನೂರು ಜನರ 'ಸ್ವಲ್ಪ'ವೇ ಕೊನೆಭಾಗದ ಬರಗಾಲವಾಗುತ್ತದೆ.

ವಿಮಾನದ ಒಳಗೂ ನಡೆಯುವುದು ಇದೇ ನ್ಯಾಯ. ಮೊದಲು ಹತ್ತಿದವನು ತನ್ನ ಮೂರು ಚೀಲಗಳನ್ನು ಮೇಲಿನ ಪೆಟ್ಟಿಗೆಯಲ್ಲಿ ತುಂಬಿದರೆ ಕೊನೆಗೆ ಬಂದವನ ಒಂದೇ ಚೀಲಕ್ಕೆ ಸ್ಥಳವಿರುವುದಿಲ್ಲ. ಬಸ್ಸಿನಲ್ಲಾದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬಹುದು. ನಿರ್ವಾಹಕನು ತಂಟೆಕೋರನನ್ನು ದಾರಿಯಲ್ಲೇ ಇಳಿಸಿ ಹೋಗಬಹುದು. ವಿಮಾನದಲ್ಲಿ ಈ ಎರಡಕ್ಕೂ ಅವಕಾಶವಿಲ್ಲ. ಒಮ್ಮೆ ಬಾಗಿಲು ಮುಚ್ಚಿದ ಮೇಲೆ ಒಬ್ಬನ ನಡವಳಿಕೆಯ ಫಲವನ್ನು ಉಳಿದವರೆಲ್ಲರೂ ಇಳಿಯುವವರೆಗೆ ಉಣ್ಣಲೇಬೇಕು. ವಿಮಾನದಲ್ಲಿ ಸೌಜನ್ಯವು ಅಲಂಕಾರವಲ್ಲ, ಅವಶ್ಯಕತೆ ಎನ್ನುವುದಕ್ಕೆ ಇದೇ ಮೂಲ ಕಾರಣ.

ಸಣ್ಣದೆಂದು ತೋರುವ ದೋಷಗಳು

ಅನಾದರದ ವರ್ತನೆ ನಿಲ್ದಾಣದಲ್ಲಿಯೇ ಆರಂಭವಾಗುತ್ತದೆ. ದೇಶೀಯ ಹಾರಾಟಗಳ ಸಾಮಾನ್ಯ ದರ್ಜೆಯಲ್ಲಿ ಕೈಚೀಲದ ಮಿತಿ ಬಹುತೇಕ 7 ಕಿಲೋಗ್ರಾಂ. ಹತ್ತು ಹನ್ನೆರಡು ಕಿಲೋ ಭಾರದ ಚೀಲ ಹೊತ್ತು ಬಂದು, 'ಒಂದು ಸಲ ಬಿಟ್ಟುಬಿಡಿ' ಎಂದು ಕೌಂಟರಿನಲ್ಲಿ ಚೌಕಾಸಿಗೆ ನಿಲ್ಲುವವನು ತನ್ನ ಹಿಂದೆ ನಿಂತ ಇಪ್ಪತ್ತು ಜನರ ಸಮಯವನ್ನು ಖರ್ಚು ಮಾಡುತ್ತಾನೆ. ಪೇಟೆಯಲ್ಲಿ ಚೌಕಾಸಿ ವ್ಯಾಪಾರದ ಧರ್ಮ. ತೂಕದ ಯಂತ್ರದ ಮುಂದೆ ಅದಕ್ಕೆ ಅರ್ಥವಿಲ್ಲ. ಸರಕಿನ ಮಾದರಿ ಒಯ್ಯುವ ವರ್ತಕರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಒಣಕೊಬ್ಬರಿಯನ್ನು, ಅದರಲ್ಲಿರುವ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಕಾರಣ, 2022ರಲ್ಲಿ ನಿಷಿದ್ಧ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ ಇರಬೇಕು. ಇವನ್ನೆಲ್ಲ ಮೊದಲೇ ತಿಳಿಯದೆ ಭದ್ರತಾ ಸಿಬ್ಬಂದಿಯೊಡನೆ ವಾದಕ್ಕಿಳಿಯುವುದರಿಂದ ಸರಕೂ ಉಳಿಯುವುದಿಲ್ಲ, ಮರ್ಯಾದೆಯೂ ಉಳಿಯುವುದಿಲ್ಲ.

ಎರಡನೆಯದು ಸಮಯದ ಅನಾದರ. ವಿಮಾನ ಹತ್ತುವ ದ್ವಾರವನ್ನು ಹೊರಡುವ ವೇಳೆಗೆ ಸಾಮಾನ್ಯವಾಗಿ 25 ನಿಮಿಷ ಮುಂಚೆ ಮುಚ್ಚಲಾಗುತ್ತದೆ. ಸಾಮಾನನ್ನು ಒಪ್ಪಿಸಿ ಚೀಟಿ ಪಡೆದ ಪ್ರಯಾಣಿಕನು ಚಹಾದಂಗಡಿಯಲ್ಲಿ ಮಾತಿಗೆ ಕುಳಿತು ಬಾರದೆ ಹೋದರೆ, ಭದ್ರತಾ ನಿಯಮದಂತೆ ಅವನ ಸಾಮಾನನ್ನು ವಿಮಾನದ ಹೊಟ್ಟೆಯಿಂದ ಹುಡುಕಿ ಕೆಳಗಿಳಿಸಬೇಕಾಗುತ್ತದೆ. ಅಗ್ಗದ ದರದ ಸಂಸ್ಥೆಗಳ ಒಂದೇ ವಿಮಾನವು ದಿನಕ್ಕೆ ಹಲವು ಬಾರಿ ಹಾರುತ್ತದೆ. ಬಂದಿಳಿದು ಮತ್ತೆ ಹೊರಡಲು ಅದಕ್ಕೆ ಅರ್ಧ ತಾಸಿನಷ್ಟೇ ಬಿಡುವು. ಬೆಳಗಿನ ಹಾರಾಟದಲ್ಲಿ ಕಳೆದುಹೋದ ಇಪ್ಪತ್ತು ನಿಮಿಷ ಸಂಜೆಯ ಊರಿನ ಪ್ರಯಾಣಿಕನವರೆಗೂ ಹರಿದು ಹೋಗುತ್ತದೆ. ಕಾಲುವೆಯ ಮೇಲ್ಭಾಗದ ತಪ್ಪಿಗೆ ಕೊನೆಭಾಗದಲ್ಲಿ ದಂಡ.

ಮೂರನೆಯದು ವಿಮಾನದೊಳಗಿನ ನಡವಳಿಕೆ. ಹಿಂದೆ ನೋಡದೆ ಆಸನವನ್ನು ಥಟ್ಟನೆ ಹಿಂದಕ್ಕೆ ವಾಲಿಸುವುದು. ಹಿಂದಿನವನ ಮೊಣಕಾಲಿಗೋ, ಬಿಸಿ ಚಹಾದ ಲೋಟಕ್ಕೋ ಅದು ತಗುಲುವುದು. ಎರಡೂ ಕಡೆಯ ತೋಳಾನುಗಳನ್ನು ಆಕ್ರಮಿಸಿಕೊಂಡು ನಡುವಿನ ಆಸನದವನನ್ನು ಮುದುಡಿ ಕೂರಿಸುವುದು. ಮುಂದಿನ ಆಸನವನ್ನು ಕಾಲಿನಿಂದ ಒದೆಯುತ್ತಿರುವುದು, ಏಳುವಾಗಲೆಲ್ಲ ಅದನ್ನೇ ಹಿಡಿದು ಜಗ್ಗುವುದು. ಇಯರ್‌ಫೋನ್ ಇಲ್ಲದೆ ಚಲನಚಿತ್ರ ನೋಡುವುದು. ಪಾದರಕ್ಷೆ, ಕಾಲುಚೀಲ ಕಳಚಿ ಕಾಲನ್ನು ಮುಂದಿನ ಆಸನದ ಸಂದಿಗೆ ಚಾಚುವುದು. ಶೌಚಾಲಯವನ್ನು ಮುಂದಿನವರು ಬಳಸಲಾಗದಂತೆ ಬಿಟ್ಟುಬರುವುದು. ಗುಟ್ಕಾ ಜಗಿದು ಆಸನದ ಮುಂದಿನ ಕಾಗದದ ಚೀಲಕ್ಕೆ ಉಗುಳುವುದು. ಇವುಗಳಲ್ಲಿ ಯಾವುದೂ ಅಪರಾಧವೆಂದು ಠಾಣೆಯ ಮೆಟ್ಟಿಲೇರುವುದಿಲ್ಲ. ಆದರೆ ಎರಡು ತಾಸಿನ ಪ್ರಯಾಣವನ್ನು ಪಕ್ಕದವನ ಪಾಲಿಗೆ ಶಿಕ್ಷೆಯಾಗಿಸಲು ಇಷ್ಟೇ ಸಾಕು.

ನಾಲ್ಕನೆಯದು ಇಳಿಯುವ ಆತುರ. ಚಕ್ರಗಳು ನೆಲ ಮುಟ್ಟಿದ ಕೂಡಲೇ ಬೆಲ್ಟ್ ಬಿಚ್ಚಿ ಎದ್ದು ನಿಲ್ಲುವ ರೂಢಿ ಎಲ್ಲೆಡೆ ಇದೆ. ಚಲಿಸುತ್ತಿರುವ ವಿಮಾನ ಹಠಾತ್ತನೆ ನಿಂತರೆ ಮೇಲಿನಿಂದ ಬೀಳುವ ಪೆಟ್ಟಿಗೆ, ಎದ್ದು ನಿಂತವನಿಗಿಂತ ಹೆಚ್ಚಾಗಿ ಕುಳಿತವನ ತಲೆಗೇ ಅಪಾಯ. ಟರ್ಕಿ ದೇಶವು 2025ರಲ್ಲಿ ಇಂತಹ ಪ್ರಯಾಣಿಕರಿಗೆ ದಂಡ ವಿಧಿಸುವ ಕ್ರಮಕ್ಕೆ ಮುಂದಾದುದು ಈ ಕಾರಣದಿಂದಲೇ. ಮುಂದಿನ ಸಾಲಿನವರು ಮೊದಲು, ಹಿಂದಿನ ಸಾಲಿನವರು ಅನಂತರ ಎಂಬ ಸರಳ ಸರದಿಯನ್ನು ಪಾಲಿಸಿದರೆ ಎಲ್ಲರೂ ಬೇಗನೆ ಇಳಿಯುತ್ತಾರೆ. ಹೇಗಿದ್ದರೂ ಸಾಮಾನಿನ ಪಟ್ಟಿಯ ಬಳಿ ಎಲ್ಲರೂ ಒಟ್ಟಿಗೇ ಕಾಯಬೇಕು.

ಅನಾದರವು ಅಪಾಯವಾಗುವ ಬಗೆ

ಸಣ್ಣ ಅನಾದರಕ್ಕೂ ದೊಡ್ಡ ಅಪಾಯಕ್ಕೂ ನಡುವೆ ಇರುವ ಅಂತರ ಎಷ್ಟು ಕಿರಿದೆಂಬುದನ್ನು ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ.

2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೊರಟ ಎಮಿರೇಟ್ಸ್ ಸಂಸ್ಥೆಯ ವಿಮಾನವು ದುಬೈ ನಿಲ್ದಾಣದಲ್ಲಿ ಅಪಘಾತಕ್ಕೀಡಾಯಿತು. ಅದರಲ್ಲಿ 282 ಪ್ರಯಾಣಿಕರೂ 18 ಸಿಬ್ಬಂದಿಯೂ ಇದ್ದರು. ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರು. ವಿಮಾನಕ್ಕೆ ಬೆಂಕಿ ತಗುಲಿ ಒಳಗೆ ಹೊಗೆ ತುಂಬುತ್ತಿದ್ದರೂ ಹಲವರು ಮೇಲಿನ ಪೆಟ್ಟಿಗೆಗಳನ್ನು ತೆರೆದು ತಮ್ಮ ಚೀಲಗಳಿಗಾಗಿ ಹುಡುಕಾಡಿದ ದೃಶ್ಯ ಒಳಗಿನಿಂದಲೇ ಚಿತ್ರೀಕರಣಗೊಂಡು ಜಗತ್ತಿಗೆ ತಿಳಿಯಿತು. ಸಿಬ್ಬಂದಿಯವರು ಸಾಮಾನು ಬಿಟ್ಟು ಇಳಿಯಿರೆಂದು ಕೂಗುತ್ತಲೇ ಇದ್ದರು. ಅದೃಷ್ಟವಶಾತ್ ವಿಮಾನದಲ್ಲಿದ್ದ 300 ಜನರೂ ಹೊರಬಂದರು. ಆದರೆ ಬೆಂಕಿ ನಂದಿಸಲು ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಸ್ಫೋಟದಲ್ಲಿ ಪ್ರಾಣ ಕಳೆದುಕೊಂಡರು.

2024ರ ಜನವರಿ 2ರಂದು ಟೋಕಿಯೋದ ಹನೆಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವು ಇಳಿಯುವಾಗ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಮೃತಪಟ್ಟರು. ದೊಡ್ಡ ವಿಮಾನದಲ್ಲಿ 367 ಪ್ರಯಾಣಿಕರೂ 12 ಸಿಬ್ಬಂದಿಯೂ ಇದ್ದರು. ಎಂಟು ನಿರ್ಗಮನ ದ್ವಾರಗಳಲ್ಲಿ ಮೂರನ್ನು ಮಾತ್ರ ಬಳಸಲು ಸಾಧ್ಯವಿತ್ತು. ಆದರೂ 379 ಜನರೆಲ್ಲರೂ ಜೀವಸಹಿತ ಹೊರಬಂದರು. ಪ್ರಯಾಣಿಕರು ಸಿಬ್ಬಂದಿಯ ಮಾತು ಕೇಳಿ, ಸಾಮಾನನ್ನು ಇದ್ದಲ್ಲಿಯೇ ಬಿಟ್ಟು, ಸಾಲುಗಟ್ಟಿ ಇಳಿದುದು ಈ ಪಾರಾಗುವಿಕೆಗೆ ಮುಖ್ಯ ಕಾರಣವೆಂದು ಎಲ್ಲೆಡೆ ಗುರುತಿಸಲಾಯಿತು. ಇಡೀ ವಿಮಾನ ಅನಂತರ ಸುಟ್ಟು ಬೂದಿಯಾಯಿತು.

ಈ ಎರಡು ಘಟನೆಗಳಲ್ಲಿ ಜನರ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸವಿದ್ದುದು ಅಭ್ಯಾಸದಲ್ಲಿ. ಸಾಮಾನ್ಯ ದಿನಗಳಲ್ಲಿ ಸರದಿ ಮುರಿದು, ಚೀಲ ಎಳೆದುಕೊಂಡು, ಇತರರನ್ನು ತಳ್ಳಿ ಇಳಿಯುವ ರೂಢಿಯುಳ್ಳವನು ಬೆಂಕಿ ಬಿದ್ದ ದಿನ ಇದ್ದಕ್ಕಿದ್ದಂತೆ ಶಿಸ್ತಿನ ಮನುಷ್ಯನಾಗಲಾರನು. ವಿಮಾನವನ್ನು ತಯಾರಿಸುವಾಗ, ಅರ್ಧದಷ್ಟು ದ್ವಾರಗಳಿಂದಲೇ ಎಲ್ಲರೂ 90 ಸೆಕೆಂಡುಗಳೊಳಗೆ ಹೊರಬರಲು ಸಾಧ್ಯವೆಂದು ತೋರಿಸಿಕೊಡಬೇಕೆಂಬ ನಿಯಮವಿದೆ. ಆ 90 ಸೆಕೆಂಡುಗಳಲ್ಲಿ ಚೀಲಕ್ಕೆ ಪಾಲಿಲ್ಲ.

ಧೂಮಪಾನದ ನಿಷೇಧವೂ ಇಂತಹ ಕಹಿ ಅನುಭವದಿಂದಲೇ ಬಿಗಿಯಾದುದು. 1973ರ ಜುಲೈ 11ರಂದು ಬ್ರೆಜಿಲ್‌ನ ವಾರಿಗ್ ಸಂಸ್ಥೆಯ ವಿಮಾನವೊಂದರಲ್ಲಿ ಪ್ಯಾರಿಸ್ ಸಮೀಪ ಶೌಚಾಲಯದ ಕಡೆಯಿಂದ ಬೆಂಕಿ ಹತ್ತಿಕೊಂಡು 123 ಜನ ಅಸುನೀಗಿದರು. ಕಸದ ಡಬ್ಬಿಗೆ ಬಿದ್ದ ಸಿಗರೇಟಿನ ತುಂಡು ಅದಕ್ಕೆ ಕಾರಣವಾಗಿರಬಹುದೆಂದು ಭಾವಿಸಲಾಯಿತು. ಇಂದು ಶೌಚಾಲಯದಲ್ಲಿ ಕದ್ದು ಬೀಡಿ, ಸಿಗರೇಟು ಸೇದುವವನು ತನ್ನ ಚಟವನ್ನು ತೀರಿಸಿಕೊಳ್ಳುತ್ತಿಲ್ಲ, ಇತರ ನೂರೆಂಬತ್ತು ಜನರ ಪ್ರಾಣವನ್ನು ಒತ್ತೆಯಿಡುತ್ತಿದ್ದಾನೆ.

ಸೀಟ್ ಬೆಲ್ಟಿನ ವಿಷಯವೂ ಹೀಗೆಯೇ. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನವು ತೀವ್ರ ಗಾಳಿಯ ಹೊಯ್ದಾಟಕ್ಕೆ ಸಿಲುಕಿ ಒಬ್ಬ ಪ್ರಯಾಣಿಕರು ಮೃತಪಟ್ಟು ಹಲವರು ಗಾಯಗೊಂಡರು. ಬೆಲ್ಟ್ ಕಟ್ಟಿಕೊಳ್ಳದೆ ಮೇಲಕ್ಕೆ ಎಸೆಯಲ್ಪಟ್ಟವನು ಕೆಳಗೆ ಬೀಳುವುದು ಬೆಲ್ಟ್ ಕಟ್ಟಿಕೊಂಡವನ ಮೇಲೆಯೇ. ಸಿಬ್ಬಂದಿ ಎರಡು ಬಾರಿ ಹೇಳಿದರೂ ಕೇಳದವನ ಹಟ ಅವನೊಬ್ಬನಿಗೇ ಸಂಬಂಧಿಸಿದ್ದಲ್ಲ.

ಸಿಬ್ಬಂದಿಯೊಡನೆ ವರ್ತನೆ

ವಿಮಾನದೊಳಗಿನ ಸಿಬ್ಬಂದಿಯನ್ನು ಊಟ ಬಡಿಸುವ ಪರಿಚಾರಕರೆಂದು ಭಾವಿಸುವುದು ದೊಡ್ಡ ತಪ್ಪು ತಿಳಿವಳಿಕೆ. ಪ್ರತಿ 50 ಆಸನಗಳಿಗೆ ಕನಿಷ್ಠ ಒಬ್ಬರಂತೆ ಅವರನ್ನು ನೇಮಿಸುವುದು ಪ್ರಯಾಣಿಕರ ಸುರಕ್ಷತೆಗಾಗಿ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ನೀಡುವುದು, ಕತ್ತಲೆ ಹೊಗೆಗಳ ನಡುವೆ ಜನರನ್ನು ಇಳಿಸುವುದು, ಇವು ಅವರ ಮೊದಲ ಕರ್ತವ್ಯ. ಚಹಾ ಕೊಡುವುದು ಆಮೇಲಿನ ಕೆಲಸ.

ಇಲ್ಲಿ ಅಂಗಡಿಯ ರೂಢಿಯೂ ಸ್ವಲ್ಪ ಮಟ್ಟಿಗೆ ಹೊಣೆಯಾಗಿದೆ. ಗುಮಾಸ್ತರನ್ನು, ಹಮಾಲರನ್ನು, ಚಹಾ ತರುವ ಹುಡುಗನನ್ನು 'ಏ ಬಾರೋ ಇಲ್ಲಿ' ಎಂದು ಏಕವಚನದಲ್ಲಿ ಕೂಗಿ ರೂಢಿಯಾದ ನಾಲಿಗೆ ವಿಮಾನದಲ್ಲಿಯೂ ಹಾಗೆಯೇ ಹೊರಳುತ್ತದೆ. ಚಿಟಿಕೆ ಹೊಡೆದು ಕರೆಯುವುದು, ಸೆರಗನ್ನೋ ತೋಳನ್ನೋ ಮುಟ್ಟಿ ಕರೆಯುವುದು, ಅನುಮತಿಯಿಲ್ಲದೆ ಭಾವಚಿತ್ರ ತೆಗೆಯುವುದು ಇವು ಯಾವ ಊರಿನ ಸಂಸ್ಕಾರವೂ ಅಲ್ಲ. ಮನೆಗೆ ಬಂದ ಅಪರಿಚಿತ ಹೆಣ್ಣುಮಗಳನ್ನು 'ಅವ್ವಾ', 'ತಂಗೀ' ಎಂದು ಬಹುವಚನದಲ್ಲಿ ಮಾತನಾಡಿಸುವ ಸೀಮೆಯವರಿಗೆ ವಿಮಾನದಲ್ಲಿ 'ದಯವಿಟ್ಟು', 'ಧನ್ಯವಾದ' ಎಂಬ ಎರಡು ಮಾತು ಹೊಸದಾಗಿ ಕಲಿಯಬೇಕಾದುವಲ್ಲ.

2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ದೆಹಲಿಗೆ ಬರುತ್ತಿದ್ದ ವಿಮಾನದಲ್ಲಿ ಊಟದ ವಿಷಯಕ್ಕೆ ನಡೆದ ವಾಗ್ವಾದದ ದೃಶ್ಯ ದೇಶದಲ್ಲೆಲ್ಲ ಹರಡಿತು. ತಾನು ಸಂಸ್ಥೆಯ ನೌಕರಳೇ ಹೊರತು ಪ್ರಯಾಣಿಕನ ಆಳಲ್ಲ ಎಂಬ ಅರ್ಥದ ಮಾತನ್ನು ಸಿಬ್ಬಂದಿಯೊಬ್ಬರು ಅಲ್ಲಿ ಹೇಳಬೇಕಾಗಿ ಬಂದಿತು. ಯಾರ ತಪ್ಪು ಎಷ್ಟೆಂಬ ಚರ್ಚೆ ಏನೇ ಇರಲಿ, ಕೆಲಸ ಮಾಡುವವರ ಘನತೆಯ ಪ್ರಶ್ನೆಯನ್ನು ಆ ಘಟನೆ ಮುನ್ನೆಲೆಗೆ ತಂದಿತು.

ಕಾನೂನು ಏನು ಹೇಳುತ್ತದೆ?

2017ರ ಮಾರ್ಚ್‌ನಲ್ಲಿ ಸಂಸದರೊಬ್ಬರು ದೆಹಲಿಯಲ್ಲಿ ಏರ್ ಇಂಡಿಯಾದ ಹಿರಿಯ ನೌಕರರೊಬ್ಬರಿಗೆ ಚಪ್ಪಲಿಯಿಂದ ಹೊಡೆದ ಪ್ರಕರಣವು ದೇಶಾದ್ಯಂತ ಕೋಲಾಹಲವೆಬ್ಬಿಸಿತು. ಆ ವರ್ಷವೇ ಸೆಪ್ಟೆಂಬರ್ 8ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ದುರ್ವರ್ತನೆಯ ಪ್ರಯಾಣಿಕರ ಕುರಿತ ನಿಯಮವನ್ನು ಪರಿಷ್ಕರಿಸಿ ಹೊರಡಿಸಿತು. ಅದರಲ್ಲಿ ದುರ್ವರ್ತನೆಯನ್ನು ಮೂರು ಹಂತಗಳಾಗಿ ವಿಂಗಡಿಸಲಾಯಿತು.

ಮೊದಲನೆಯ ಹಂತ: ಬೈಗುಳ, ಅಸಭ್ಯ ಸನ್ನೆ, ಕುಡಿದು ಗದ್ದಲ ಮಾಡುವುದು. ಇದಕ್ಕೆ ಮೂರು ತಿಂಗಳವರೆಗೆ ವಿಮಾನಯಾನ ನಿಷೇಧ.

ಎರಡನೆಯ ಹಂತ: ತಳ್ಳುವುದು, ಹೊಡೆಯುವುದು, ಒದೆಯುವುದು, ಅನುಚಿತವಾಗಿ ಮುಟ್ಟುವುದು, ಲೈಂಗಿಕ ಕಿರುಕುಳ. ಇದಕ್ಕೆ ಆರು ತಿಂಗಳವರೆಗೆ ನಿಷೇಧ.

ಮೂರನೆಯ ಹಂತ: ಪ್ರಾಣಾಪಾಯ ಉಂಟುಮಾಡುವ ಹಲ್ಲೆ, ವಿಮಾನದ ವ್ಯವಸ್ಥೆಗೆ ಹಾನಿ, ಚಾಲಕರ ಕೋಣೆಗೆ ನುಗ್ಗುವ ಯತ್ನ. ಇದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠಕ್ಕೆ ಮಿತಿಯಿಲ್ಲ.

ಆ ನಿಯಮದ ಪ್ರಕಾರ ದೂರನ್ನು ನಿವೃತ್ತ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಆಂತರಿಕ ಸಮಿತಿಯು 30 ದಿನಗಳೊಳಗೆ ತೀರ್ಮಾನಿಸಬೇಕು. ಅಸಮಾಧಾನವಿದ್ದವರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮತ್ತೆ ಅದೇ ತಪ್ಪು ಮಾಡಿದವನಿಗೆ ಹಿಂದಿನ ಅವಧಿಯ ಎರಡರಷ್ಟು ನಿಷೇಧ. ಇಂತಹ ಪ್ರಯಾಣಿಕರ ಪಟ್ಟಿಯನ್ನು ಮಹಾನಿರ್ದೇಶನಾಲಯ ಇಡುತ್ತದೆ. ಇತರ ಸಂಸ್ಥೆಗಳೂ ಅದನ್ನು ಗಮನಿಸಿ ತಮ್ಮ ತೀರ್ಮಾನ ಕೈಗೊಳ್ಳಬಹುದು. ಈ ಕ್ರಮವು ಪೊಲೀಸ್ ಮೊಕದ್ದಮೆಗೆ ಬದಲಿಯಲ್ಲ, ಅದಕ್ಕೆ ಹೆಚ್ಚುವರಿ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಆಗಾಗ ಪ್ರಯಾಣಿಸುವವರು ಇತ್ತೀಚಿನ ರೂಪವನ್ನು ನೋಡಿಕೊಳ್ಳುವುದು ಒಳಿತು.

ಕಾನೂನಿನ ಕೈ ಪ್ರಯಾಣಿಕನನ್ನು ಮಾತ್ರ ಹಿಡಿಯುವುದಿಲ್ಲ. 2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ವಿಮಾನದಲ್ಲಿ ವೃದ್ಧ ಮಹಿಳೆಯೊಬ್ಬರ ಮೇಲೆ ಸಹಪ್ರಯಾಣಿಕನೊಬ್ಬ ಮೂತ್ರ ವಿಸರ್ಜಿಸಿದನೆಂಬ ದೂರು ಬಂದಿತು. ಆರೋಪಿಯು ಅದನ್ನು ನಿರಾಕರಿಸಿದನು. ಆದರೂ ಅವನಿಗೆ ನಾಲ್ಕು ತಿಂಗಳ ನಿಷೇಧವಾಯಿತು. ಪ್ರಕರಣವನ್ನು ಸರಿಯಾಗಿ ನಿರ್ವಹಿಸಲಿಲ್ಲವೆಂದು ಏರ್ ಇಂಡಿಯಾಕ್ಕೆ 2023ರ ಜನವರಿಯಲ್ಲಿ 30 ಲಕ್ಷ ರೂಪಾಯಿ ದಂಡ ಬಿತ್ತು. ವರ್ತಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೆಂದರೆ, ನ್ಯಾಯಾಲಯದ ತೀರ್ಪು ಬರುವ ಮೊದಲೇ ಆ ಪ್ರಯಾಣಿಕನನ್ನು ಅವನ ಸಂಸ್ಥೆ ಕೆಲಸದಿಂದ ತೆಗೆದುಹಾಕಿತು. ಮಾರುಕಟ್ಟೆಯ ತೀರ್ಪು ನ್ಯಾಯಾಲಯದ ತೀರ್ಪಿಗಿಂತ ಬೇಗ ಬರುತ್ತದೆ.

ಹಕ್ಕು ಬೇರೆ, ಕೋಪ ಬೇರೆ

ಸೌಜನ್ಯವೆಂದರೆ ಅನ್ಯಾಯವನ್ನು ಸಹಿಸುವುದೆಂದು ಅರ್ಥವಲ್ಲ. ವಿಮಾನ ಸಂಸ್ಥೆಗಳೂ ಪ್ರಯಾಣಿಕರನ್ನು ತಾಸುಗಟ್ಟಲೆ ಕಾಯಿಸುತ್ತವೆ, ಸರಿಯಾದ ಮಾಹಿತಿ ನೀಡುವುದಿಲ್ಲ. 2025ರ ಡಿಸೆಂಬರ್ ಮೊದಲ ದಿನಗಳಲ್ಲಿ ದೇಶದ ಅತಿದೊಡ್ಡ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ ಬೆಂಗಳೂರು, ಹೈದರಾಬಾದ್ ಸೇರಿದಂತೆ ಎಲ್ಲ ನಿಲ್ದಾಣಗಳಲ್ಲಿ ಜನರು ಪಟ್ಟ ಪಾಡು ಎಲ್ಲರಿಗೂ ತಿಳಿದಿದೆ. ಅಂತಹ ಸಮಯದಲ್ಲಿ ಸಿಟ್ಟು ಬರುವುದು ಸಹಜ. ಆದರೆ ಅದು ಯಾರ ಮೇಲೆ ಸುರಿಯುತ್ತದೆ ಎಂಬುದು ಮುಖ್ಯ.

2024ರ ಜನವರಿ 14ರಂದು ದೆಹಲಿಯಲ್ಲಿ ಮಂಜಿನಿಂದಾಗಿ ತಡವಾದ ವಿಮಾನವೊಂದರಲ್ಲಿ, ವಿಳಂಬದ ಪ್ರಕಟಣೆ ಮಾಡುತ್ತಿದ್ದ ಚಾಲಕನ ಮೇಲೆಯೇ ಪ್ರಯಾಣಿಕನೊಬ್ಬ ಕೈಮಾಡಿದನು. ಮಂಜನ್ನು ತಂದವನು ಚಾಲಕನಲ್ಲ. ಅದೇ ದಿನಗಳಲ್ಲಿ ಮುಂಬಯಿ ನಿಲ್ದಾಣದಲ್ಲಿ ಪ್ರಯಾಣಿಕರು ವಿಮಾನಗಳು ನಿಲ್ಲುವ ಅಂಗಳದಲ್ಲಿಯೇ ಕುಳಿತು ಊಟ ಮಾಡಬೇಕಾಗಿ ಬಂದಾಗ ಅಧಿಕಾರಿಗಳು ಸಂಸ್ಥೆಗೆ 1.20 ಕೋಟಿ ರೂಪಾಯಿ ದಂಡ ವಿಧಿಸಿದರು. ಕೈಮಾಡಿದವನು ಪೊಲೀಸರ ವಶವಾದನು. ಸಂಸ್ಥೆ ತಪ್ಪು ಮಾಡಿದಲ್ಲಿ ದಂಡ ಕಟ್ಟಿತು. ಫಲ ಕೊಟ್ಟದ್ದು ಯಾವ ದಾರಿಯೆಂಬುದು ಇದರಿಂದಲೇ ಸ್ಪಷ್ಟ.

ಪ್ರಯಾಣಿಕರ ಹಕ್ಕುಗಳ ನಿಯಮವೂ ಇದೆ. ಎರಡೂವರೆ ತಾಸಿನೊಳಗಿನ ದೇಶೀಯ ಹಾರಾಟ ಎರಡು ತಾಸಿಗಿಂತ ಹೆಚ್ಚು ತಡವಾದರೆ ಉಪಾಹಾರ ನೀಡಬೇಕು. ಆರು ತಾಸಿಗೂ ಮೀರಿದ ವಿಳಂಬವಾದರೆ ಬದಲಿ ಹಾರಾಟ ಅಥವಾ ಪೂರ್ಣ ಹಣ ವಾಪಸು ಕೇಳಬಹುದು. ಹವಾಮಾನದಂತಹ ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಪರಿಹಾರಧನ ಸಿಗುವುದಿಲ್ಲ. ದೂರನ್ನು ಸಂಸ್ಥೆಗೂ, 2016ರಿಂದ ಇರುವ ಏರ್‌ಸೇವಾ ಜಾಲತಾಣಕ್ಕೂ, ಅಗತ್ಯವಾದರೆ ಗ್ರಾಹಕ ಆಯೋಗಕ್ಕೂ ಸಲ್ಲಿಸಬಹುದು. ಚೀಟಿ, ಸಮಯ, ಪ್ರಕಟಣೆಗಳ ದಾಖಲೆ ಇಟ್ಟುಕೊಂಡು ಶಾಂತವಾಗಿ ಬರೆದ ದೂರು ವಸೂಲಿಯಾಗುವ ಬಾಕಿಯಂತೆ. ಕೌಂಟರಿನ ಮುಂದಿನ ಕೂಗಾಟ ಬರಹವಿಲ್ಲದ ಉದ್ದರಿಯಂತೆ.

ತಿಳಿಯದಿರುವುದು ಅನಾದರವಲ್ಲ

ಇನ್ನೊಂದು ಬಗೆಯ ಅಸೌಜನ್ಯವು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದು ಹಳೆಯ ಪ್ರಯಾಣಿಕರು ಹೊಸ ಪ್ರಯಾಣಿಕರ ಬಗ್ಗೆ ತೋರುವ ತಾತ್ಸಾರ. ಮೊದಲ ಬಾರಿಗೆ ವಿಮಾನ ಹತ್ತಿದ ರೈತನಿಗೆ ಬೆಲ್ಟ್ ಹಾಕಿಕೊಳ್ಳಲು ಬರುವುದಿಲ್ಲ, ಆಸನದ ಸಂಖ್ಯೆ ಗೊತ್ತಾಗುವುದಿಲ್ಲ, ಪ್ರಕಟಣೆಯ ಇಂಗ್ಲಿಷ್, ಹಿಂದಿ ಅರ್ಥವಾಗುವುದಿಲ್ಲ. ಅವನು ಕಿಟಕಿಯ ಬಳಿ ತಪ್ಪಾಗಿ ಕುಳಿತರೆ ಅದು ಅಜ್ಞಾನವೇ ಹೊರತು ಅನಾದರವಲ್ಲ. ಅವನನ್ನು ನೋಡಿ ನಕ್ಕು, 'ಎಲ್ಲರೂ ವಿಮಾನ ಹತ್ತುವಂತಾಯಿತು' ಎನ್ನುವವನದೇ ನಿಜವಾದ ಅನಾದರ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನವು, ಶ್ರೇಯಸ್ಸೆಂಬುದು ದೊಡ್ಡವರಿಗೆ ಮಾತ್ರ ಮೀಸಲೆಂದು ಭಾವಿಸಬಾರದು, ಸಾಮಾನ್ಯನೂ ಅದನ್ನು ಸಾಧಿಸಬಲ್ಲನು ಎಂಬ ಆಶಯವನ್ನು ಸಾರುತ್ತದೆ. ಆ ಬಂಡೆಯ ನೆರಳಿನಲ್ಲಿ ಬದುಕುವ ಊರುಗಳಿಂದ ಹೊರಟ ವರ್ತಕರು, ಪಕ್ಕದಲ್ಲಿ ಕುಳಿತ ಹೊಸ ಪ್ರಯಾಣಿಕನಿಗೆ ಬೆಲ್ಟಿನ ಕೊಂಡಿಯನ್ನು ತೋರಿಸಿಕೊಡುವಷ್ಟು, ಪ್ರಕಟಣೆಯನ್ನು ಕನ್ನಡದಲ್ಲಿ ತಿಳಿಹೇಳುವಷ್ಟು ಹಿರಿತನ ತೋರಿದರೆ ಅದು ಸೀಮೆಗೇ ಗೌರವ.

ಪತ್ತಿನ ಪ್ರಶ್ನೆ

ವರ್ತಕನಿಗೆ ಬಂಡವಾಳಕ್ಕಿಂತ ಪತ್ತು ದೊಡ್ಡದು. ಪತ್ತು ಹುಟ್ಟುವುದು ನಡವಳಿಕೆಯಿಂದ. ಪಕ್ಕದ ಆಸನದಲ್ಲಿ ಕುಳಿತವನು ನಾಳೆ ಭೇಟಿಯಾಗಬೇಕಾದ ಖರೀದಿದಾರನಾಗಿರಬಹುದು, ಸಾಲದ ಅರ್ಜಿ ನೋಡುವ ಬ್ಯಾಂಕಿನ ಅಧಿಕಾರಿಯಾಗಿರಬಹುದು, ಪೈಪೋಟಿಯ ಗಿರಣಿಯವನಾಗಿರಬಹುದು. ಬಾಗಿಲು ಮುಚ್ಚುವವರೆಗೂ ಮೊಬೈಲಿನಲ್ಲಿ ಗಟ್ಟಿಯಾಗಿ, 'ಆ ಪಾರ್ಟಿಗೆ ಇಷ್ಟಕ್ಕೇ ಮುಗಿಸಿಬಿಡು' ಎಂದು ದರ ಹೇಳುವ ವ್ಯಾಪಾರಿ ಸಹಪ್ರಯಾಣಿಕರ ಕಿವಿಗೆ ತೊಂದರೆ ಕೊಡುವುದರ ಜೊತೆಗೆ ತನ್ನ ವ್ಯಾಪಾರದ ಗುಟ್ಟನ್ನೂ ಹಂಚುತ್ತಾನೆ. ಸಂಸ್ಥೆಯ ಪರವಾಗಿ ಗುಮಾಸ್ತರನ್ನೋ, ಮಾರಾಟ ಪ್ರತಿನಿಧಿಯನ್ನೋ ಕಳುಹಿಸುವ ಮಾಲೀಕರು, ಟಿಕೆಟ್ಟಿನೊಡನೆ ನಾಲ್ಕು ಮಾತಿನ ತಿಳಿವಳಿಕೆಯನ್ನೂ ಕೊಟ್ಟು ಕಳುಹಿಸುವುದು ಜಾಣತನ. ಕಳುಹಿಸಿದವನ ಹೆಸರು ಹೋದವನ ನಡವಳಿಕೆಯ ಮೇಲೆ ನಿಂತಿರುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಸಾಮಾನನ್ನು ಮನೆಯಲ್ಲಿಯೇ ತೂಗಬೇಕು. ಸರಕಿನ ಮಾದರಿಯ ಬಗ್ಗೆ ಸಂಸ್ಥೆಯನ್ನು ಮೊದಲೇ ವಿಚಾರಿಸಬೇಕು.

2. ದ್ವಾರ ಮುಚ್ಚುವ ವೇಳೆಯನ್ನೇ ಹೊರಡುವ ವೇಳೆಯೆಂದು ಎಣಿಸಬೇಕು.

3. ಮೇಲಿನ ಪೆಟ್ಟಿಗೆಯಲ್ಲಿ ಒಂದು ಚೀಲ; ಚಿಕ್ಕದನ್ನು ಮುಂದಿನ ಆಸನದ ಕೆಳಗಿಡಬೇಕು.

4. ಆಸನ ವಾಲಿಸುವ ಮೊದಲು ಹಿಂದೆ ನೋಡಬೇಕು. ಊಟದ ಹೊತ್ತಿನಲ್ಲಿ ನೇರವಾಗಿಡಬೇಕು. ನಡುವಿನ ಆಸನದವರಿಗೆ ಎರಡೂ ತೋಳಾನುಗಳನ್ನು ಬಿಡುವುದು ಒಳ್ಳೆಯ ಪದ್ಧತಿ.

5. ಸುರಕ್ಷತಾ ಸೂಚನೆಯನ್ನು ನೂರನೆಯ ಬಾರಿಯೂ ಕೇಳಬೇಕು. ಹತ್ತಿರದ ದ್ವಾರ ಎಷ್ಟನೆಯ ಸಾಲಿನಲ್ಲಿದೆಯೆಂದು ಎಣಿಸಿಕೊಳ್ಳಬೇಕು.

6. ಕುಳಿತಿರುವಷ್ಟು ಹೊತ್ತು ಬೆಲ್ಟ್ ಕಟ್ಟಿಕೊಂಡಿರಬೇಕು; ವಿಮಾನ ಪೂರ್ಣ ನಿಲ್ಲುವವರೆಗೆ ಏಳಬಾರದು.

7. ಅಪಾಯದ ಸಮಯದಲ್ಲಿ ಲೆಕ್ಕದ ಪುಸ್ತಕವಿರಲಿ, ನಗದಿರಲಿ, ಚೀಲವನ್ನು ಬಿಟ್ಟು ಇಳಿಯಬೇಕು.

8. ಕುಂದುಕೊರತೆಯನ್ನು ಬಾಯಲ್ಲಿ ಒಮ್ಮೆ, ಬರಹದಲ್ಲಿ ಒಮ್ಮೆ ತಿಳಿಸಬೇಕು. ಕೈಯಿಂದ ಎಂದಿಗೂ ಅಲ್ಲ.

ಈ ಎಂಟರಲ್ಲಿ ಯಾವುದಕ್ಕೂ ಹಣ ಖರ್ಚಾಗುವುದಿಲ್ಲ. ಇಂಗ್ಲಿಷ್ ಜ್ಞಾನವೂ ಬೇಕಾಗಿಲ್ಲ. ಕಾಲುವೆಯಲ್ಲಿ ತನ್ನ ಪಾಲನ್ನಷ್ಟೇ ಪಡೆದು ಉಳಿದ ನೀರನ್ನು ಕೆಳಗಿನವರಿಗೆ ಹರಿಯಬಿಡುವ ಮನಸ್ಸೊಂದಿದ್ದರೆ ಸಾಕು.